ಮೂರನೆಯ ಸುತ್ತಿನ ಕಾಫಿ

"ಪಾಠ ಹೆನ್ನಿಂಗ್ ಮಾಡ್ತಾನೆ. ನೀನು ನಿಮ್ಮಮ್ಮನ ಜೊತೆ ಕಾಫಿ ನೋಡ್ಕೋ," ಎಂದರು ಗುಡ್ರುನ್ ಮೇಡಂ, ಕುರ್ಚಿಗಳನ್ನು ಸಾಲಿಗೆ ಎಳೆಯುತ್ತ.

ಹೆನ್ನಿಂಗ್‌ನ ಜೊತೆಯೇ ಶಿಕ್ಷಕ ತರಬೇತಿ ಪಡೆಯುತ್ತಿದ್ದ ಲುವಾಮ್ ಕೈಯಲ್ಲಿ ರಟ್ಟಿನ ರೊಟ್ಟಿಗಳ ಪೆಟ್ಟಿಗೆಯಿತ್ತು. ಮಕ್ಕಳಿಗೆ ಭಿನ್ನರಾಶಿ ಕಲಿಸಲೆಂದು ಅವಳೇ ಕತ್ತರಿಸಿ ಬಣ್ಣ ಹಚ್ಚಿದವು. ಫಿನ್ಲೆಂಡ್, ಪೋರ್ಚುಗಲ್‌ಗಳಿಂದ ಬಂದ ಅಧ್ಯಾಪಕರ ಮುಂದೆ ಈ ದಿನ ಪಾಠ ಮಾಡಿದವರಿಗೆ ಫಿನ್ಲೆಂಡಿನ ಶಾಲೆಯಲ್ಲಿ ಒಂದು ವರ್ಷ ಕಲಿಸುವ ಅವಕಾಶ. ಅದು ನಿನ್ನದೇ ಎಂದು ಮೇಡಂ ಚಳಿಗಾಲದಲ್ಲೇ ಮಾತು ಕೊಟ್ಟಿದ್ದರು. ಅದೇ ಸಂಜೆ, "ಇನ್ನು ಮೇಲೆ ನಾನು ನಿನಗೆ ಬರೀ ಗುಡ್ರುನ್, ಬಹುವಚನ ಬೇಡ" ಎಂದೂ ಹೇಳಿದ್ದರು. ರೈನ್ ದಂಡೆಯ ಆ ವಿಶ್ವವಿದ್ಯಾಲಯದಲ್ಲಿ ಅಂಥ ಸಲಿಗೆ ಸುಮ್ಮನೆ ಸಿಗುವುದಲ್ಲ.

"ಗುಡ್ರುನ್, ಪಾಠ ನಂದು ಅಂತ ನೀನೇ ಹೇಳಿದ್ದೆಯಲ್ಲ?"

"ಭಿನ್ನರಾಶಿನ ಯಾರು ಬೇಕಾದ್ರೂ ಕಲಿಸ್ತಾರೆ ಕಣೆ. ಮೇಷ್ಟ್ರಾಗೋರಿಗೆ ಜಗತ್ತು ತೋರಿಸ್ಬೇಕು ಅಂತ ತಾನೆ ಇಷ್ಟೆಲ್ಲ? ನೀನೇ ನಮ್ಮ ಜಗತ್ತು. ನಿಮ್ಮನೆ ಕಾಫಿ ವಿಷಯ ತರಗತೀಲಿ ಹೇಳಿದಾಗ ಎಲ್ಲರ ಕಣ್ಣೂ ಒದ್ದೆಯಾಗಿತ್ತು, ನೆನಪಿದೆಯಾ?"

ತಾಯ್ನಾಡಿನ ಅಸ್ಮಾರಾದಲ್ಲಿ ಅಜ್ಜಿ ತೀರಿಹೋದ ಸುದ್ದಿ ಬಂದ ದಿನದ ಕಾಫಿ ಅದು. ಲುವಾಮ್ ನಂಬಿ ಹೇಳಿಕೊಂಡಿದ್ದಳು.

"ನಾನು ಆಗಲ್ಲ ಅಂದ್ರೆ?"

"ಅಮ್ಮ ಆಗಲೇ ಬಂದಿದ್ದಾರಲ್ಲ. ನಾನೇ ಫೋನ್ ಮಾಡಿ ಕರೆದೆ." ಮೇಡಂ ಪೆಟ್ಟಿಗೆಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡರು.

ಪಕ್ಕದ ಕೋಣೆಯಲ್ಲಿ ತಾಯಿ ಲೆತೆಬ್ರಹಾನ್ ಇಗರ್ಜಿಗೆ ಹೊದೆಯುವ ಬಿಳಿ ಶಾಲು ಹೊದ್ದು, ನೆಲದ ಮೇಲೆ ಹುಲ್ಲು ಹರಡಿ ಬಟ್ಟಲುಗಳನ್ನು ಜೋಡಿಸುತ್ತಿದ್ದಳು. "ಇಲ್ಲಿ ಹೊಗೆ ಬಂದ್ರೆ ಗಂಟೆ ಹೊಡ್ಕೊಳ್ಳುತ್ತಂತೆ ಕಣೆ. ಬೀಜ ಮನೇಲೇ ಹುರ್ಕೊಂಡು ಬಂದೆ. ಕಾಫಿಗೆ ಹೆದರೋ ಕಟ್ಟಡ ಇದೊಂದೇ ನೋಡು!" ಎಂದು ನಕ್ಕಳು. "ನಿಮ್ಮ ಮೇಡಂ ಎಷ್ಟು ಒಳ್ಳೇವ್ರು! ನಿನ್ನ ಪಾಠ ಎಷ್ಟೊತ್ತಿಗೆ?"

ಗೋಡೆಯಾಚೆ ಹೆನ್ನಿಂಗ್ ಶುರು ಮಾಡಿದ್ದ. "ಒಂದೇ ರೊಟ್ಟಿ, ಹಸಿದವರು ನಾಲ್ಕು ಜನ. ಹಂಚೋಕೆ ಮುಂಚೆ ಅವರನ್ನ ಏನು ಕೇಳ್ತೀರಿ?" ಲುವಾಮ್‌ಗೆ ಹೊಳೆದಿದ್ದ ಪ್ರಶ್ನೆ, ಅವಳದೇ ಮಾತು. ಮಕ್ಕಳು ಉತ್ತರ ಕೂಗುತ್ತಿದ್ದರು. ಕೊನೆಗೆ ಅಧ್ಯಾಪಕರು ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದ ಸದ್ದು ಬಂತು. ಅಲ್ಲಿ ಚಪ್ಪಾಳೆಯೆಂದರೆ ಅದು.

"ನಂದು ಪಾಠ ಇಲ್ಲಮ್ಮ ಇವತ್ತು."

ತಾಯಿ ಅವಳ ಮುಖ ನೋಡಿದಳು. "ಹಾಗಾದ್ರೆ ನಾನ್ಯಾಕೆ ಬಂದೆ?"

ಉತ್ತರಿಸುವಷ್ಟರಲ್ಲಿ ಅತಿಥಿಗಳು ಒಳಗೆ ಬಂದರು. ಫೋಟೋ ತೆಗೆದರು, ಪುಟ್ಟ ಬಟ್ಟಲುಗಳನ್ನು ಎತ್ತಿ ನೋಡಿದರು. ಒಬ್ಬರು ಪ್ರೀತಿಯಿಂದಲೇ ಕೇಳಿದರು: "ನೀವು ಎಲ್ಲಿಂದ ಬಂದಿದ್ದು?"

"ಟ್ರಾಮಿನ ಕೊನೇ ನಿಲ್ದಾಣದಿಂದ," ಎಂದಳು ಲುವಾಮ್. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮೊದಲ ಸುತ್ತು ಮುಗಿಯುತ್ತಿದ್ದಂತೆ ಗುಡ್ರುನ್ ಗಡಿಯಾರ ನೋಡಿ, "ಊಟಕ್ಕೆ ಹೊರಡೋಣ" ಎಂದರು. ಕುರ್ಚಿಗಳು ಸರಿದವು.

"ಅಯ್ಯೋ, ಇನ್ನೂ ಎರಡು ಸುತ್ತಿದೆ!" ತಾಯಿ ಗಾಬರಿಯಾದಳು. "ಮೂರನೇದು ಹರಸೋ ಬಟ್ಟಲು. ಅದನ್ನ ಕುಡೀದೆ ಏಳಬಾರ್ದು."

"ಇನ್ನೊಂದ್ಸಲ ಅಮ್ಮಾ, ಖಂಡಿತ. ಲುವಾಮ್, ನೀನೂ ಬಾ. ಹೊರಗೆ ಎಲ್ಲರ ಜೊತೆ ಒಂದು ಫೋಟೋ ಇದೆ."

"ನೀವು ಹೊರಡಿ, ಮೇಡಂ."

ಗುಡ್ರುನ್ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಅತಿಥಿಗಳ ಹಿಂದೆ ನಡೆದರು.

ತಾಯಿ ಅವಸರ ಮಾಡಲಿಲ್ಲ. ಎರಡನೆಯ ಸುತ್ತನ್ನು ತಾಯಿ ಮಗಳು ಇಬ್ಬರೇ ಕುಡಿದರು. ಮಣ್ಣಿನ ಹೂಜಿಯಲ್ಲಿ ಅದೇ ಗಸಿಗೆ ಮತ್ತೆ ನೀರು ಹೊಯ್ದು, ಕರೆಂಟ್ ಒಲೆಯ ಮೇಲಿಟ್ಟು ಕುದಿಸಿ, ಮೂರನೆಯದನ್ನು ಎಲ್ಲ ಬಟ್ಟಲುಗಳಿಗೂ ಬಗ್ಗಿಸಿದಳು.

"ಕೂತವರಿಗೂ ಎದ್ದು ಹೋದವರಿಗೂ ದೇವರು ಒಳ್ಳೇದು ಮಾಡಲಿ," ಎಂದು ಕಣ್ಣು ಮುಚ್ಚಿ, ಮಗಳು ಆಮೆನ್ ಎನ್ನಲೆಂದು ಕಾದಳು.

ಖಾಲಿ ಕುರ್ಚಿಗಳ ಮುಂದೆ ಬಟ್ಟಲುಗಳ ಹಬೆ ಒಂದೊಂದಾಗಿ ಅಡಗುತ್ತಿತ್ತು. ತಾಯಿ ಇನ್ನೂ ಕಣ್ಣು ತೆರೆದಿರಲಿಲ್ಲ.