ಎರಡು ಕಾಲಿನ ಅಳತೆ

“ಭಾವ, ಎಡಗಾಲು ತೂರ್ತಾನೇ ಇಲ್ಲ,” ಎಂದು ನಾದಿನಿ ಹೊಸ ಪೈಜಾಮವನ್ನು ದರ್ಜಿಯ ಮಡಿಲಿಗೆ ಹಾಕಿದಳು. ಒಳಕೋಣೆಯಲ್ಲಿ ಅಕ್ಕನಿಗೆ ಕೊನೆಯ ಸಲ ಬಟ್ಟೆ ತೊಡಿಸುತ್ತಿದ್ದಳು. ಹೊರಗೆ ಗಾಡಿ ಬಂದು ನಿಂತಿತ್ತು. “ಸ್ವಲ್ಪ ಬಿಚ್ಚಿಕೊಡಿ.”

ದರ್ಜಿ ಎಡಗಾಲಿನ ಹೊಲಿಗೆಗೆ ಬ್ಲೇಡು ಹಾಕಿದ. ಕೈಗೊಂದು ಕೆಲಸ ಸಿಕ್ಕಿದ್ದೇ ವಾಸಿ ಎನಿಸಿತು.

“ಏಳು ತಿಂಗಳ ಬಸುರಿ,” ಎಂದು ಪಕ್ಕದಂಗಡಿಯ ಬಡಗಿ ನಿಟ್ಟುಸಿರು ಬಿಟ್ಟ. “ಮೊನ್ನೆ ಗುಂಡಿ ಹಚ್ತಾ ಕೂತು ನನ್ನ ಬೋಳುತಲೇನ ಗೇಲಿ ಮಾಡ್ತಿದ್ಲು. ಹಣೆಬರಹಕ್ಕೆ ಹೊಣೆ ಯಾರು?”

“ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಹೋಗಿ ಶ್ವಾಸಕೋಶದಲ್ಲಿ ಕೂತಿತಂತೆ,” ಎಂದಳು ದರ್ಜಿಯ ಅತ್ತೆ. “ಒಂದೇ ಕಾಲು ಊದಿತ್ತಾ ಅಂತ ಡಾಕ್ಟ್ರು ಕೇಳಿದ್ರು. ಮೊದಲೇ ತೋರಿಸಿದ್ರೆ ಸ್ಕ್ಯಾನ್‌ನಲ್ಲಿ ಕಾಣ್ತಿತ್ತಂತೆ, ಇಂಜೆಕ್ಷನ್ ಕೊಡ್ತಿದ್ರಂತೆ. ನನಗೇನು ಗೊತ್ತು? ಬಸುರಿ ಕಾಲು ಊದದೆ ಇರುತ್ತಾ, ಮೇಲಿಟ್ಕೊಂಡು ಮಲ್ಕೋ ಅಂದೆ.”

ಬ್ಲೇಡು ನಿಂತಿತು.

*

“ಎಡಗಾಲು ಬಿಗೀತಿದೆ ಕಣ್ರೀ. ಅದೊಂದನ್ನ ಸಡಿಲ ಮಾಡಿಕೊಡಿ,” ಎಂದು ಕೆಲವು ದಿನಗಳ ಹಿಂದೆ ಹೆಂಡತಿ ಹಳೆಯ ಪೈಜಾಮ ತಂದಿದ್ದಳು.

“ಒಂದು ಕಾಲು ಗೋಣಿಚೀಲ, ಇನ್ನೊಂದು ಕೊಳವೆ ಮಾಡಿದ್ರೆ ಜನ ನಗ್ತಾರೆ. ದರ್ಜಿ ಹೆಂಡ್ತಿ ನೀನು!”

“ನನ್ನ ಕಾಲಿಗಿಂತ ನಿಮ್ಮ ಮರ್ಯಾದೆ ದಪ್ಪ,” ಎಂದು ನಕ್ಕಳು.

ಅವನು ಎರಡನ್ನೂ ಸಮನಾಗಿ ಸಡಿಲ ಮಾಡಿದ. ಅವಳು ತೊಟ್ಟುಬಂದಾಗ ಹಿಂದೆ ಮುಂದೆ ತಿರುಗಿಸಿ ನೋಡಿ, “ಈಗ ನೋಡು, ಎರಡೂ ಒಂದೇ ಥರ,” ಎಂದ. ನೋಡಿದ್ದು ಬಟ್ಟೆಯನ್ನು. ಒಳಗಿದ್ದ ಕಾಲು ಅವನ ಕಣ್ಣಿಗೆ ಬೀಳಲಿಲ್ಲ, ಅವಳೂ ಮತ್ತೆ ದೂರಲಿಲ್ಲ.

*

“ಸಾಕು, ಕೊಡಿ ಭಾವ. ಬಲಗಾಲು ಸರಿಯಾಗೇ ಇದೆ.”

ಪೈಜಾಮ ಕೊಟ್ಟವನು ಅಲ್ಲೇ ಕೂರದೆ ಅವಳ ಹಿಂದೆಯೇ ಒಳಗೆ ಹೋದ. ಹೆಂಗಸರು ಸರಿದು ದಾರಿ ಬಿಟ್ಟರು. ಮೊಣಕಾಲೂರಿ ಕೂತು ಹೊದಿಕೆ ಸರಿಸಿ, ಕೊರಳಲ್ಲಿದ್ದ ಟೇಪು ತೆಗೆದು, ಹೆಂಡತಿಯ ಎಡಗಾಲಿನ ಮೀನಖಂಡಕ್ಕೆ ಸುತ್ತಿದ. ಅಳತೆಯ ಮೇಲೆ ಹೆಬ್ಬೆರಳೊತ್ತಿ ಹಿಡಿದ.

“ಏನ್ಮಾಡ್ತಿದೀರಿ ಭಾವ? ಗಾಡಿಯವರು ಕರೀತಿದ್ದಾರೆ.”

ಅವನು ಹೆಬ್ಬೆರಳು ಸಡಿಲಿಸದೆ ಅದೇ ಟೇಪನ್ನು ಬಲಗಾಲಿಗೆ ಸುತ್ತಿದ. ಪೂರ್ತಿ ಒಂದು ಸುತ್ತು ಬಂದ ಮೇಲೂ ಹೆಬ್ಬೆರಳಿನ ತನಕ ಮೂರು ಬೆರಳಷ್ಟು ಟೇಪು ಮಿಕ್ಕಿತ್ತು.