ಎರಡರಿಂದ ಮೂರೂವರೆ

ವೆಲ್ಲಿಂಗ್ಟನ್ ಹೊರವಲಯದ ನಮ್ಮ ಹೆರಿಗೆ ಆಸ್ಪತ್ರೆಯವರು ೧೯೫೬ರಲ್ಲಿ ಕೊನೆಗೂ ಒಪ್ಪಿದರು: ಹೆರಿಗೆಯಾಗುವಾಗ ಗಂಡ ಪಕ್ಕದಲ್ಲಿರಬಹುದು, ಆದರೆ ಭೇಟಿಯ ವೇಳೆಯಲ್ಲಿ ಮಾತ್ರ. ಎರಡರಿಂದ ಮೂರೂವರೆ. ಮಗು ಹುಟ್ಟುವುದಕ್ಕೂ ವೇಳಾಪಟ್ಟಿ ಹಾಕಿದ ಆ ಪುಣ್ಯಾತ್ಮರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅಷ್ಟಕ್ಕೇ ನಮ್ಮ ತಂದೆತಾಯಂದಿರ ಸಂಘ ಎರಡು ವರ್ಷ ಚಪ್ಪಲಿ ಸವೆಸಿತ್ತು. ಚರ್ಚಿನ ಹಾಲಿನಲ್ಲಿ ಕಂಬಳಿ ಹಾಸಿ ಬಸುರಿಯರಿಗೆ ಉಸಿರಾಟ ಕಲಿಸುತ್ತಿದ್ದ ಮಿಸೆಸ್ ಹಾರ್ಗ್ರೀವ್ಸ್, ಪತ್ರದ ಮೇಲೆ ಪತ್ರ ಬರೆದು ಆಸ್ಪತ್ರೆಯ ಮಂಡಳಿಯ ತಲೆ ತಿಂದಿದ್ದರು. ನನ್ನ ಹೆಂಡತಿ ಎನಿಡ್ ಅವರ ಬಲಗೈ.

ಎನಿಡ್‌ಗೆ ಬೇಕಾದದ್ದು ಒಂದೇ: ಮಗು ಹುಟ್ಟುವ ಗಳಿಗೆಯಲ್ಲಿ ತನ್ನವರೊಬ್ಬರು ಕೋಣೆಯಲ್ಲಿರಬೇಕು. ಮೊದಲ ಹೆರಿಗೆಯಲ್ಲಿ ಅವಳಿಗೆ ಮಂಪರಿನ ಔಷಧಿ ಕೊಟ್ಟಿದ್ದರು. ಎಚ್ಚರವಾದಾಗ, ಗಂಡುಮಗು, ಹೊಟ್ಟೆಯಲ್ಲೇ ಸತ್ತಿತ್ತು ಎಂದರು. ಅತ್ತಿದ್ದು ಕೇಳಿಸಿತು ಎಂದಳು ಇವಳು. ಅದು ಔಷಧಿಯ ಅಮಲು ಎಂದರು ಡಾಕ್ಟರು. ನಾನೂ ಹಾಗೇ ಅಂದೆ. ಆ ಮಾತಿಗೆ ನಾಚಿಕೆಪಡುತ್ತೇನೆ.

ಈ ಸಲ ನೋವು ಶುರುವಾದದ್ದು ಬೆಳಿಗ್ಗೆ, ನನ್ನನ್ನು ಒಳಗೆ ಬಿಟ್ಟದ್ದು ಸರಿಯಾಗಿ ಎರಡಕ್ಕೆ. ಮೂರಾಯಿತು. ಮೂರೂಕಾಲಾಯಿತು. ಎನಿಡ್ ನನ್ನ ಕೈ ಹಿಡಿದು ಕಲಿತಂತೆ ಉಸಿರು ಬಿಡುತ್ತಿದ್ದಳು. ಉಸಿರು ಕಟ್ಟಿದ್ದು ನನಗೆ.

"ಗಡಿಯಾರ ನೋಡ್ಬೇಡ, ಸೆಲ್ವಿನ್."

"ಎಲ್ಲಿ ನೋಡ್ತಿದೀನಿ?"

"ಸುಳ್ಳು ಹೇಳೋಕೂ ಬರಲ್ಲ ನಿಂಗೆ."

ಮೂರೂವರೆಗೆ ಸಿಸ್ಟರ್ ಡಾಕೆರಿ ಕೈಗಂಟೆ ಬಾರಿಸುತ್ತಾ ಬಂದರು. ಬಾಗಿಲಾಚೆ ಬೆಂಚಿನ ಮೇಲೆ ಸಂಘದ ಐವರು ಹೆಂಗಸರು ಸ್ವೆಟರ್ ಹೆಣೆಯುತ್ತಾ ಕೂತಿದ್ದರು. ಅವರ ಮಾತು ನಮಗೆ ಕೇಳುತ್ತಿತ್ತು.

"ಟೈಮಾಯ್ತು, ಹೊರಡಿ" ಅಂದರು ಸಿಸ್ಟರ್.

"ಈ ಸಾಲೊಂದು ಮುಗಿಸ್ಕೊಂಡು ಹೊರಡ್ತೀವಿ" ಎಂದದ್ದು ಮಿಸೆಸ್ ಹಾರ್ಗ್ರೀವ್ಸ್.

"ನೀವು ಎಷ್ಟಾದ್ರೂ ಹೆಣೀರಿ. ನಾನು ಆ ಗಂಡಸನ್ನ ಹೊರಗೆ ಕಳಿಸ್ತೀನಿ."

"ಕಳಿಸಿ ಸಿಸ್ಟರ್. ಅವಳು ಎಂಥಾ ನೋವಲ್ಲಿದ್ದಾಗ ಕಳಿಸಿದ್ರಿ ಅಂತ ನಾಳೆ ಮಂಡಳಿ ಮುಂದೆ ಐದು ಜನ ಸಾಕ್ಷಿ ಹೇಳ್ತೀವಿ."

ಸಿಸ್ಟರ್ ಒಳಗೆ ಬಂದರು. ನಾನು ಎದ್ದು ನಿಂತೇಬಿಟ್ಟೆ, ಹೇಡಿ. ಎನಿಡ್ ಕೈ ಬಿಡಲಿಲ್ಲ. ಅವಳಿಗೆ ಮುಕ್ಕುವ ನೋವು ಬಂದಿತ್ತು. ಸಿಸ್ಟರ್ ಅವಳ ಮುಖ ನೋಡಿದರು, ಗಂಟೆಯನ್ನು ಕಿಟಕಿಯಲ್ಲಿಟ್ಟು ಅಂಗಿಯ ತೋಳು ಮಡಚಿದರು.

"ಕೂತ್ಕೊಳ್ರೀ. ಕಂಬದ ಥರ ಅಡ್ಡ ನಿಲ್ಬೇಡಿ."

ಡಾಕ್ಟರು ಬರುವ ಮೊದಲೇ, ಮೂರು ನಲವತ್ತಕ್ಕೆ, ಹೆಣ್ಣುಮಗು ಹುಟ್ಟಿತು. ಅಳಲಿಲ್ಲ. ಸಿಸ್ಟರ್ ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟಿದರು. ಮತ್ತೆ ತಟ್ಟಿದರು. ಆಮೇಲೆ ಅತ್ತಿತು.

ಎನಿಡ್ ಕಣ್ಣು ಮುಚ್ಚಿಕೊಂಡೇ ಇದ್ದಳು.

"ನಿಂಗೂ ಕೇಳಿಸ್ತಾ?"

"ಕೇಳಿಸ್ತು ಕಣೇ."

"ಅವನೂ ಹೀಗೇ ಅತ್ತಿದ್ದ."

"ಹೂಂ" ಎಂದೆ. "ಅತ್ತಿದ್ದ."