ಹದಿನೇಳನೇ ಸಾಲಿನ ಸೊನ್ನೆ

ಆ ನಮೂನೆ ಮಾಡಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರನ್ನೂ ಬೈಯುವ ಹಾಗಿಲ್ಲ.

ರೋಗಿಯ ಜೀನ್ ನೋಡಿ ಕೊಡುವ ದುಬಾರಿ ಔಷಧಿಗಳಿಗೆ ಸರ್ಕಾರ ದುಡ್ಡು ಹಾಕಬೇಕೋ ಬೇಡವೋ ಎಂದು ತೂಗುವುದು ನಮ್ಮ ಕಚೇರಿಯ ಕೆಲಸ. ಮೊದಲು ಒಂದೊಂದು ಆಸ್ಪತ್ರೆಯದು ಒಂದೊಂದು ಲೆಕ್ಕ. ಒಬ್ಬರು ಜೀನ್ ಪರೀಕ್ಷೆಯ ಖರ್ಚು ಸೇರಿಸಿದರೆ ಇನ್ನೊಬ್ಬರು ಬಿಡುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ನಾನು ಎರಡು ವರ್ಷ ಕೂತು ಎಲ್ಲರಿಗೂ ಒಂದೇ ನಮೂನೆ ಮಾಡಿದೆ. ನಲವತ್ತು ಸಾಲು, ಸಾಲಿಗಿಷ್ಟು ಅಂಕ; ಮೊತ್ತ ಕಡಿಮೆ ಬಂದರೆ ರೋಗಿಯ ಅರ್ಜಿ ತಿರಸ್ಕಾರ. ಹದಿನೇಳನೆಯದು, ಔಷಧಿಯಿಂದ ಎಷ್ಟು ವರ್ಷ ಆಯಸ್ಸು ಹೆಚ್ಚುತ್ತದೆ ಎಂಬುದು. ಕನಿಷ್ಠ ಮೂವತ್ತು ರೋಗಿಗಳ ದಾಖಲೆ ಇಲ್ಲದಿದ್ದರೆ ಆ ಚೌಕ ಖಾಲಿ ಉಳಿಯುತ್ತಿತ್ತು. ಖಾಲಿ ಇದ್ದರೆ ಕಂಪ್ಯೂಟರ್ ಮೊತ್ತವನ್ನೇ ತೋರಿಸುತ್ತಿರಲಿಲ್ಲ. ಅದಕ್ಕೆ, ಖಾಲಿ ಇದ್ದಲ್ಲಿ ಸೊನ್ನೆ ಹಾಕಿ ಎಂದು ಕೆಳಗೊಂದು ಟಿಪ್ಪಣಿ ಬರೆದೆ. ಮೊತ್ತ ಬಂತು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಹೋದ ವರ್ಷ ಒಬ್ಬ ದರ್ಜಿ ನನ್ನ ಮೇಜಿನ ಮುಂದೆ ಬಂದು ನಿಂತ. ಅವನ ಹೆಂಡತಿಯ ಅರ್ಜಿ ತಿರಸ್ಕಾರವಾಗಿತ್ತು.

"ಮೇಡಂ, ಇಲ್ಲಿ ಸೊನ್ನೆ ಅಂತಿದೆ. ಔಷಧಿ ಕೆಲಸ ಮಾಡಲ್ಲ ಅಂತಾನಾ?"

"ಹಾಗಲ್ಲ. ಗೊತ್ತಿಲ್ಲ ಅಂತ."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರೀಬೇಕಲ್ವಾ? ತೋಳಿನ ಅಳತೆ ತಗೊಳ್ಳೋಕೆ ಮರೆತ್ರೆ ನಾನೇನು ತೋಳಿಲ್ಲದ ಅಂಗಿ ಹೊಲೀತೀನಾ?"

ನಾನು ನಕ್ಕೆ. "ಒಬ್ಬೊಬ್ಬರಿಗೆ ಒಂದೊಂದು ಅಳತೆ ಇಡೋಕಾಗಲ್ಲ" ಎಂದೆ. ನನ್ನ ಬಾಯಿಗೆ ಮಣ್ಣು ಬೀಳ.

ಇವತ್ತು ಬೆಳಿಗ್ಗೆ ಅಕ್ಕನ ಅರ್ಜಿ ತಿರಸ್ಕಾರವಾಗಿ ಬಂತು. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದ ಅಕ್ಕ. ಶ್ವಾಸಕೋಶದ ಕ್ಯಾನ್ಸರ್; ಡಾಕ್ಟರು ಅವಳ ಜೀನ್ ನೋಡಿ ಒಂದು ಗುಳಿಗೆ ಬರೆದಿದ್ದರು. ಅವಳಂಥ ಜೀನ್ ಇರುವ ಹನ್ನೊಂದೇ ಜನ ಆ ಗುಳಿಗೆ ನುಂಗಿದ್ದಾರೆ, ಅವರಲ್ಲಿ ಒಂಬತ್ತು ಜನ ಮೂರು ವರ್ಷ ಕಳೆದರೂ ಓಡಾಡಿಕೊಂಡಿದ್ದಾರೆ. ಹನ್ನೊಂದು ಎಂದರೆ ಮೂವತ್ತಲ್ಲ. ಹದಿನೇಳನೇ ಸಾಲಿನಲ್ಲಿ ಸೊನ್ನೆ. ನಾವೇ ಕೊಳ್ಳೋಣವೆಂದರೆ ಮನೆ ಮಾರಿದರೂ ಎರಡು ತಿಂಗಳ ಗುಳಿಗೆ ಬರುವುದಿಲ್ಲ.

ದೊಡ್ಡ ಸಾಹೇಬರ ಕೋಣೆಗೆ ಓಡಿದೆ. "ಟಿಪ್ಪಣಿ ತಪ್ಪು ಸಾರ್. ಬರೆದವಳೇ ಹೇಳ್ತಿದೀನಿ."

ಅವರು ಕನ್ನಡಕ ಹಾಕಿಕೊಂಡು ಓದಿದರು. ಒಪ್ಪಿಯೂ ಒಪ್ಪಿದರು. "ತಪ್ಪು ನಿಜ ಕಣಮ್ಮ. ಮುಂದಿನ ವರ್ಷದ ನಮೂನೇಲಿ ತಿದ್ದೋಣ. ಮುಗಿದ ಕಡತ ಮಾತ್ರ ಮತ್ತೆ ತೆಗೆಯೋ ಹಾಗಿಲ್ಲ. ವಶೀಲಿ ತರೋರ ಕಾಟ ತಪ್ಪಲಿ ಅಂತ ಆ ನಿಯಮಾನೂ ನೀನೇ ಹಾಕಿಸಿದ್ದೆ."

"ಡಾಕ್ಟರು ಮೂರು ತಿಂಗಳು ಅಂದಿದಾರೆ ಸಾರ್. ನಿಮ್ಮ ಕಾಲು ಹಿಡ್ಕೋತೀನಿ."

"ನಿನ್ನಕ್ಕನ ಕಡತ ತೆಗೆದ್ರೆ ಉಳಿದೋರಿಗೆ ಏನು ಹೇಳ್ಲಿ?"

ದರ್ಜಿಯ ನೆನಪಾಯಿತು. ಇಬ್ಬರೂ ಸೇರಿ ಕೇಳಿದರೆ ಕಡತ ತೆಗೆದಾರೆಂಬ ಆಸೆಯಿಂದ ಅವನಿಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅವಳು ಹೋಗಿ ಐದು ತಿಂಗಳಾಯ್ತು ಮೇಡಂ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದಾಗ ಅಕ್ಕ ದಿಂಬಿಗೊರಗಿ ನನ್ನ ದಾರಿಯನ್ನೇ ಕಾಯುತ್ತಿದ್ದಳು. "ಏನಾಯ್ತೇ? ನಿನ್ನದೇ ನಮೂನೆ, ನಂಗೊಂದು ಮಾರ್ಕು ಜಾಸ್ತಿ ಬಂದಿರುತ್ತೆ ಬಿಡು" ಎಂದು ನಕ್ಕಳು. ನಗು ಕೆಮ್ಮಾಯಿತು.

ಅವಳ ಬೆನ್ನು ಸವರುತ್ತಾ ಕೂತೆ. ಸೊನ್ನೆ ಎನ್ನಲು ಬಾಯಿ ಬರಲಿಲ್ಲ.

"ಇನ್ನೂ ಗೊತ್ತಿಲ್ಲ ಅಕ್ಕಾ" ಎಂದೆ.